ಎಡಗೈಯ ಸೂಜಿ

ನನಗೆ ಕ್ಷಯವಾಗಿತ್ತು. ಮೊದಲು ಅದನ್ನು ಬರೆದುಬಿಡುತ್ತೇನೆ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಅತ್ತೆ "ಆ ಕೆಮ್ಮು" ಎನ್ನುತ್ತಿದ್ದರು. ನಮ್ಮ ಯಜಮಾನರು "ಎದೆ ಸರಿ ಇಲ್ಲ" ಎನ್ನುತ್ತಿದ್ದರು. ಮೈದುನ ಏನೂ ಅನ್ನದೆ, ನಾನು ಎದ್ದ ಕೂಡಲೇ ನಾನು ಕೂತ ಚಾಪೆಯನ್ನು ಬಿಸಿಲಿಗೆ ಹಾಕಿಸುತ್ತಿದ್ದ. ಹೆಸರು ಹೇಳದೆ ಬಚ್ಚಿಟ್ಟ ರೋಗಕ್ಕೆ ಹೆದರಿಕೆ ಹೆಚ್ಚು. ಈಗಲೂ ಎಲ್ಲಿಯಾದರೂ ಒಬ್ಬ ಹೆಂಗಸು ಹಿತ್ತಲ ಕೋಣೆಯಲ್ಲಿ ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡು ಮಲಗಿರಬಹುದು. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆಗ ನಯಾ ಪೈಸೆ ಬಂದ ಹೊಸದು. ದಾವಣಗೆರೆಯ ಹಳೇ ಪೇಟೆಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ನನಗೆ ಇಪ್ಪತ್ತಾರು, ಮಗಳು ಉಮಾಗೆ ಮೂರು ವರ್ಷ. ದಿನಾ ಸಂಜೆ ಜ್ವರ ಬರುತ್ತಿತ್ತು, ರವಿಕೆಗಳೆಲ್ಲ ಸಡಿಲವಾಗಿದ್ದವು. ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಕೆಮ್ಮು ಬಂತು, ಒಗೆಯುವ ಕಲ್ಲಿನ ಮೇಲೆ ರಕ್ತ ಬಿತ್ತು. ನೀರು ಸುರಿದು ತೊಳೆದೆ. ಆಮೇಲೆ ಒಳಗೆ ಹೋಗಿ ಯಜಮಾನರಿಗೆ ಹೇಳಿದೆ.

ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ನಮ್ಮಂಥವರು ಸಾಲಾಗಿ ಕೂತಿದ್ದೆವು. ಯಾರಿಗೆ ಕೆಮ್ಮು ಬಂದರೂ ಸೆರಗನ್ನೋ ಟವೆಲನ್ನೋ ಬಾಯಿಗೆ ಒತ್ತಿ ಹಿಡಿದು, ಕಣ್ಣು ಕೆಂಪಾದರೂ ಕೆಮ್ಮುತ್ತಿರಲಿಲ್ಲ. ಒಳಗೆ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನನ್ನನ್ನು ಹೊರಗೆ ಕೂರಲು ಹೇಳಿ, ವಿಷಯವನ್ನು ಯಜಮಾನರಿಗೆ ಹೇಳಿದರು. ಎದೆ ನನ್ನದು, ಸುದ್ದಿ ಅವರಿಗೆ. ಹೊರಗೆ ಬಂದ ಅವರ ಮುಖ ನೋಡಿಯೇ ನನಗೆ ತಿಳಿಯಿತು. "ಕ್ಷಯ ಏನ್ರಿ?" ಎಂದು ಬೆಂಚಿನವರೆಲ್ಲ ಕೇಳುವಂತೆ ಕೇಳಿದೆ. ಅವರು ಪಾಪ, ಹೆದರಿ ಅತ್ತಿತ್ತ ನೋಡಿದರು.

ದಾವಣಗೆರೆಯಲ್ಲೂ ದವಾಖಾನೆ ಇತ್ತು. ಅಲ್ಲಿ ಸೇರಿಸಿದರೆ ಪೇಟೆಯವರ ಕಣ್ಣಿಗೆ ಬೀಳುತ್ತೇನೆ ಎಂದು ಅತ್ತೆ ನನ್ನನ್ನು ಹರಿಹರಕ್ಕೆ ಕಳಿಸಿದರು. ಹರಿಹರ ನನ್ನ ತವರು. ಮಗಳು ದಾವಣಗೆರೆಯಲ್ಲೇ ಉಳಿದಳು. "ಪೂರಾ ವಾಸಿ ಆದ್ರೆ ಕೂಸನ್ನ ಮುಟ್ಟಾಕೆ ಬಾ. ಇಲ್ಲಾಂದ್ರೆ ಬರಬ್ಯಾಡ" ಎಂದು ಅತ್ತೆ ಬಾಗಿಲಲ್ಲೇ ಹೇಳಿದ್ದರು. ಮಾತು ಕೊಲ್ಲುವಂತಿದ್ದರೂ ಸುಳ್ಳಾಗಿರಲಿಲ್ಲ. ನಾನು ವಾಸಿಯಾಗಿಯೇ ಬರಬೇಕು, ಬಂದು ಮಗಳನ್ನು ಎತ್ತಿಕೊಳ್ಳಬೇಕು. ರೈಲಿನಲ್ಲಿ ಕೂತಾಗ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಹರಿಹರದ ದವಾಖಾನೆಯಲ್ಲಿ ನಮ್ಮಂಥವರನ್ನು ಹೊಳೆಯ ಕಡೆಯ ವರಾಂಡದಲ್ಲಿ ಮಲಗಿಸುತ್ತಿದ್ದರು. ಗಾಳಿ ಚೆನ್ನಾಗಿತ್ತು, ನೊಣಗಳೂ ಚೆನ್ನಾಗಿದ್ದವು. ಚಿಕಿತ್ಸೆ ಎಂದರೆ ನುಂಗಲಾರದಷ್ಟು ದೊಡ್ಡ ಮಾತ್ರೆಗಳು, ಮತ್ತು ಆಗ ಹೊಸದಾಗಿ ಬಂದಿದ್ದ ಇಂಜೆಕ್ಷನ್. ದಿನಕ್ಕೊಂದು, ತಿಂಗಳುಗಟ್ಟಲೆ, ಸೊಂಟದ ಕೆಳಗೆ. ಅಲ್ಲಿನ ಡಾಕ್ಟರು ಮಾತು ಕಡಿಮೆಯ ವಯಸ್ಸಾದವರು. ಅವರು ಮೊದಲ ದಿನವೇ ನನ್ನ ಮುಖ ನೋಡಿ ಹೇಳಿದರು: "ನಡುವೆ ಬಿಟ್ರೆ ಔಷಧ ಸೋಲುತ್ತೆ. ಆಮೇಲೆ ಅದೇ ಔಷಧ ಮತ್ತೆ ಕೆಲಸ ಮಾಡಲ್ಲ. ಅಳ್ರಿ, ಬೈರಿ, ಬಿಡಬ್ಯಾಡ್ರಿ." ಗಂಡನಿಗೆ ಹೇಳದೆ ನನಗೇ ಹೇಳಿದ್ದಕ್ಕೆ ಆ ಮನುಷ್ಯನ ಮೇಲೆ ನನಗೆ ಅಂದಿನಿಂದ ಗೌರವ.

ಮೊದಲು ಸೂಜಿ ಹಾಕುತ್ತಿದ್ದವರು ಹಿರಿಯ ನರ್ಸ್ ಗ್ರೇಸಮ್ಮ. ಅವರ ಬಾಯಿ ಬಿರುಸು, ಕೈ ಬೆಣ್ಣೆ. ಗದರುತ್ತಲೇ ಸೂಜಿ ಹಾಕಿ ಮುಂದಿನ ಮಂಚಕ್ಕೆ ಹೋಗಿರುತ್ತಿದ್ದರು, ನಮಗೆ ತಿಳಿಯುತ್ತಲೂ ಇರಲಿಲ್ಲ. ಅಷ್ಟರಲ್ಲಿ ದವಾಖಾನೆಗೆ ಹೊಸ ಹೆರಿಗೆ ವಾರ್ಡು ಬಂತು, ಅವರನ್ನು ಅಲ್ಲಿಗೆ ಹಾಕಿದರು. ನಮ್ಮ ವರಾಂಡಕ್ಕೆ ಬಂದವಳು ಪಾರ್ವತಿ.

ಪಾರ್ವತಿ ಪಕ್ಕದ ಗುತ್ತೂರಿನ ಒಕ್ಕಲು ಮನೆಯ ಹುಡುಗಿ. ತರಬೇತಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದಳು. ಇಸ್ತ್ರಿ ಮಾಡಿದ ಬಿಳಿ ಸೀರೆ, ಎಣ್ಣೆ ಹಚ್ಚಿ ಬಿಗಿದ ಜಡೆ, ನೋಡಲು ಲಕ್ಷಣ. ಕೆಲಸ ಮಾತ್ರ ದೇವರಿಗೇ ಪ್ರೀತಿ. ಗಾಜಿನ ಸಿರಿಂಜು ಒಡೆಯಿತು. ಪಕ್ಕದ ಮಂಚದ ಅಜ್ಜಿಯ ಕೆಮ್ಮಿನ ಔಷಧ ನನ್ನ ಹೊಟ್ಟೆಗೆ ಹೋಯಿತು. ಸೂಜಿ ಹಿಡಿದಳೆಂದರೆ ಅವಳ ಕೈ ನಡುಗುವುದು ನಮಗೆಲ್ಲ ಕಾಣುತ್ತಿತ್ತು. ಒಮ್ಮೆ ಚುಚ್ಚಿ, ಅಲ್ಲೇ ನಿಂತು, ಮತ್ತೆ ಒತ್ತುತ್ತಿದ್ದಳು. ನಾನು ಹಲ್ಲು ಕಚ್ಚಿ ದಿಂಬು ಹಿಡಿಯುತ್ತಿದ್ದೆ.

ಮಂಚದ ಮೇಲೆ ಮಲಗಿದವರಿಗೆ ಕಿವಿಯೂ ಇರುವುದಿಲ್ಲ ಎಂದು ದವಾಖಾನೆಯವರು ತಿಳಿದಿರುತ್ತಾರೆ. ಕಾಂಪೌಂಡರ್ ನನ್ನ ಕಾಲ ಬಳಿಯೇ ನಿಂತು ಆಯಾಗೆ ಹೇಳಿದ: "ಈಕೆ ಕೈಯಾಗೆ ಯಾರಾದ್ರೂ ಸತ್ರೆ ನಮ್ಮ ಕುತ್ತಿಗೆಗೆ ಬರ್ತೈತೆ ನೋಡು." ಸೂಜಿಗಳು ಮೊಂಡಾಗಿವೆ ಎಂದು ಪಾರ್ವತಿ ಒಮ್ಮೆ ಹೇಳಿದಾಗ ಗ್ರೇಸಮ್ಮ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಅದೇ ಸೂಜಿಲೆ ನಾನು ಹಾಕ್ತಿರ್ಲಿಲ್ಲೇನೆ?" ಎಂದು ಎಲ್ಲರ ಮುಂದೆ ಬಾಯಿ ಮುಚ್ಚಿಸಿದರು. ಗ್ರೇಸಮ್ಮ ಕೆಟ್ಟವರಲ್ಲ. ತಾವು ಕಾಪಾಡಿದ ರೋಗಿಗಳನ್ನು ಈ ಹುಡುಗಿಯ ಕೈಗೆ ಬಿಟ್ಟು ಹೋಗಬೇಕಾಯಿತಲ್ಲ ಎಂಬ ಸಂಕಟ ಅವರದು.

ಒಂದು ವಾರ ಕಳೆಯುವುದರೊಳಗೆ ನನ್ನ ಬಲ ಮಗ್ಗುಲು ಊದಿ ಕೆಂಪಾಯಿತು, ಆಮೇಲೆ ಕೀವಾಯಿತು. ಡಾಕ್ಟರು ಕುಯ್ದು ತೆಗೆದರು. ಆ ದಿನ ನಾನು ಅತ್ತುಬಿಟ್ಟೆ. ನೋವಿಗಿಂತ ಸಿಟ್ಟಿಗೆ ಅತ್ತಿದ್ದು. ಬ್ಯಾಂಡೇಜು ಕಟ್ಟಲು ಬಂದ ಪಾರ್ವತಿಯನ್ನು ಕೇಳಿದೆ: "ನಿನಗೆ ಯಾರೇ ಕಲಿಸಿದೋರು?"

"ಕಲಿಸಿದೋರು ಚೆನ್ನಾಗೇ ಕಲಿಸಿದ್ರು ಅಕ್ಕಾರೆ" ಎಂದು ತಲೆ ತಗ್ಗಿಸಿಯೇ ಹೇಳಿದಳು. "ನನ್ನ ಕೈಗೇ ಹತ್ತಲಿಲ್ಲ."

ಸುದ್ದಿ ದಾವಣಗೆರೆಗೆ ಮುಟ್ಟಿತು. ಅತ್ತೆ ಮತ್ತು ಯಜಮಾನರು ಬರುತ್ತಾರೆಂದೂ, ಸೂಜಿ ನಿಲ್ಲಿಸಿ ನನ್ನನ್ನು ಯಾವುದೋ ಹಳ್ಳಿಯ ಬೇರು ಕೊಡುವವನ ಹತ್ತಿರ ಕರೆದೊಯ್ಯುತ್ತಾರೆಂದೂ ನನ್ನ ಅವ್ವ ಬಂದು ಹೇಳಿದಳು. ನಿಲ್ಲಿಸಿದರೆ ಔಷಧ ಸೋಲುತ್ತದೆ. ಔಷಧ ಸೋತರೆ ಉಮಾ ಇಲ್ಲ. ಮುಂದುವರಿಸಿದರೆ ಈ ಹುಡುಗಿಯ ಕೈ, ಮತ್ತೆ ಕೀವು. ಆ ತಿಂಗಳಲ್ಲಿ ಯಜಮಾನರು ಒಮ್ಮೆ ಉಮಾಳನ್ನು ಕರೆತಂದು ದವಾಖಾನೆಯ ಅಂಗಳದ ಬೇವಿನ ಮರದ ಆಚೆಯಿಂದ ತೋರಿಸಿದ್ದರು. ಅವಳು ಯಾರಿಗೆ ಎಂದು ತಿಳಿಯದೆಯೇ ಕೈ ಬೀಸಿದಳು. ಆ ಕೈ ನೆನೆದರೆ ನನಗೆ ಮಂಚದಲ್ಲಿ ಮಲಗಿರಲು ಆಗುತ್ತಿರಲಿಲ್ಲ.

ಹೀಗೆ ಅವ್ವ ಅಳುತ್ತ ಹೇಳುತ್ತಿದ್ದಾಗಲೇ ನೋಡಿದೆ, ಅವಳು ಒಂದು ಕಾಲನ್ನು ಎತ್ತಿ ಎತ್ತಿ ಇಡುತ್ತಿದ್ದಳು. ಹೊಳೆ ದಂಡೆಯ ದಾರಿಯಲ್ಲಿ ಜಾಲಿಮುಳ್ಳು ತುಳಿದು, ಅರ್ಧ ಮುರಿದು ಒಳಗೇ ಉಳಿದಿತ್ತು. ಪಾರ್ವತಿ ಅಲ್ಲೇ ಜ್ವರ ನೋಡುತ್ತಿದ್ದವಳು ಥರ್ಮಾಮೀಟರ್ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತಳು. ಅವ್ವನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೀರೆಯ ಪಿನ್ನು ತೆಗೆದು ಸ್ಪಿರಿಟ್‌ನಲ್ಲಿ ಒರೆಸಿದಳು. ಅವ್ವ ನನ್ನ ಅತ್ತೆಯನ್ನು ಬೈಯುತ್ತಲೇ ಇದ್ದಳು. ಬೈಗುಳ ಮುಗಿಯುವ ಮೊದಲೇ ಮುಳ್ಳು ಹೊರಗೆ ಬಂದಿತ್ತು.

"ತೆಗೆದ್ಯಾ? ಗೊತ್ತೇ ಆಗಲಿಲ್ಲಲ್ಲೇ ಮಗಳೇ!" ಎಂದಳು ಅವ್ವ. ಮರುಕ್ಷಣವೇ ಅವಳ ಹುಬ್ಬು ಗಂಟಾಯಿತು. "ಎಡಗೈಲೆ ತೆಗೆದ್ಯಲ್ಲ?"

ಪಾರ್ವತಿ ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅವ್ವ ಹೋದ ಮೇಲೆ ಅವಳನ್ನು ಹತ್ತಿರ ಕೂರಿಸಿ ಕೇಳಿದೆ. ಹುಟ್ಟಿದಾಗಿನಿಂದ ಎಡಗೈಯವಳೇ. ಎಡಗೈಯಲ್ಲಿ ಉಣ್ಣಬಾರದು, ಕೊಡಬಾರದು, ದೀಪ ಹಚ್ಚಬಾರದು ಎಂದು ಮನೆಯಲ್ಲಿ ಆ ಕೈಗೆ ಬಟ್ಟೆ ಸುತ್ತಿ ಕಟ್ಟುತ್ತಿದ್ದರಂತೆ. ಶಾಲೆಯಲ್ಲಿ ಮೇಷ್ಟ್ರು ಗೆಣ್ಣಿನ ಮೇಲೆ ಬೆತ್ತ ಆಡಿಸಿದ್ದರು. ತರಬೇತಿಯಲ್ಲಿ, ರೋಗಿಗಳು ಎಡಗೈಯ ಸೂಜಿ ಹಾಕಿಸಿಕೊಳ್ಳುವುದಿಲ್ಲ, ಬಲಗೈ ಕಲಿತರೆ ಇರು, ಇಲ್ಲವಾದರೆ ಮನೆಗೆ ನಡೆ ಎಂದಿದ್ದರು. ಇಲ್ಲಿ ಬಂದ ಎರಡನೇ ದಿನವೇ ಒಬ್ಬ ಮುದುಕ ಇವಳು ಎಡಗೈಯಲ್ಲಿ ಮಾತ್ರೆ ಕೊಟ್ಟಳೆಂದು ಮಾತ್ರೆಯನ್ನು ನೆಲಕ್ಕೆ ಎಸೆದು ಎದ್ದು ಹೋಗಿದ್ದ. ಅಂದಿನಿಂದ ಗ್ರೇಸಮ್ಮ ಎಡಗೈ ಕಂಡರೆ ಚೀರುತ್ತಿದ್ದರು.

"ಎಡಗೈಲೆ ಸೂಜಿ ಹಾಕಿ ನೋಡಿದ್ಯೇನು ಯಾವತ್ತಾದ್ರೂ?" ಎಂದೆ.

"ಕದ್ದು ಹಾಕೀನ್ರಿ. ಕಿತ್ತಳೆ ಹಣ್ಣಿಗೆ."

"ಹೆಂಗೆ ಹೋಯ್ತು?"

ಅವಳು ಮೊದಲ ಸಲ ನನ್ನ ಮುಖ ನೋಡಿ ನಕ್ಕಳು. "ಸರಳ ಹೋಯ್ತ್ರಿ ಅಕ್ಕಾರೆ."

ಮರುದಿನ ಬೆಳಗ್ಗೆ ದಾವಣಗೆರೆಯ ರೈಲು ಬಂತು. ಅತ್ತೆ ನನ್ನ ಮಂಚದಿಂದ ಎರಡು ಮಾರು ದೂರದಲ್ಲಿ, ಸೆರಗು ಮೂಗಿಗೆ ಹಿಡಿದು ನಿಂತರು. ಯಜಮಾನರು ಮೋಸಂಬಿಯ ಚೀಲ ಹಿಡಿದು ಮೆಟ್ಟಿಲ ಬಳಿಯೇ ಉಳಿದರು. ಗ್ರೇಸಮ್ಮ ಡಾಕ್ಟರನ್ನು ಕರೆದುಕೊಂಡೇ ಬಂದಿದ್ದರು. ಇವತ್ತು ಪಾರ್ವತಿ ಡಾಕ್ಟರ ಕಣ್ಣೆದುರೇ ನನಗೆ ಸೂಜಿ ಹಾಕಬೇಕು, ಕೆಟ್ಟರೆ ನಾಳೆಯೇ ಅವಳನ್ನು ವಾಪಸು ಕಳಿಸುವುದು ಎಂದು ಅವರಲ್ಲಿ ಮಾತಾಗಿತ್ತು. ಪಾರ್ವತಿ ಹೋದರೆ ಬೇರೆ ನರ್ಸ್ ಬರುವವರೆಗೆ ವರಾಂಡದಲ್ಲಿ ದಿನಾ ಸೂಜಿ ಹಾಕುವವರೇ ಇರುತ್ತಿರಲಿಲ್ಲ.

"ಯಾಕ ಇದೆಲ್ಲ? ನಾವು ಕರ್ಕೊಂಡ್ ಹೋಗ್ತೀವಿ" ಎಂದರು ಅತ್ತೆ.

ಪರದೆ ಎಳೆದರು. ಒಳಗೆ ಡಾಕ್ಟರು, ಗ್ರೇಸಮ್ಮ, ಮೂಗು ಮುಚ್ಚಿಕೊಂಡೇ ಬಂದ ಅತ್ತೆ. ಪಾರ್ವತಿ ಸಿರಿಂಜು ತುಂಬಿ ಬಲಗೈಯಲ್ಲಿ ಹಿಡಿದು ಬಂದಳು. ಸೂಜಿಯ ತುದಿ ಕುಣಿಯುತ್ತಿತ್ತು. ನಾನು ಎದ್ದು ಕೂತೆ.

"ಎಡಗೈಲೆ ಹಾಕು" ಎಂದೆ.

ಮೊದಲು ಅರ್ಥವಾದದ್ದು ಅತ್ತೆಗೆ. "ಶಿವಶಿವಾ! ಎಡಗೈಲೆ ಕೊಟ್ಟ ಔಷಧ ಮೈಗೆ ಹತ್ತತೈತೇನೆ? ಯಾವ ಕೈಲೆ ಏನು ಮಾಡ್ತೀವಿ ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತೈತ್ರಿ ಅತ್ತೆ. ಬಲಗೈಲೆ ಕೊಟ್ಟಿದ್ದು ಕೀವಾಗಿ ಹೊರಗ ಬಂತು. ಅದು ಹತ್ತಿದ್ದಾ?"

"ವಾರ್ಡಿನಾಗೆ ಇದು ನಡಿಯಲ್ಲಮ್ಮ" ಎಂದರು ಗ್ರೇಸಮ್ಮ. ಅವರ ದನಿಯಲ್ಲಿ ಗದರಿಕೆಗಿಂತ ಗಾಬರಿ ಇತ್ತು. "ಒಬ್ರು ನೋಡಿದ್ರೆ ನಾಳೆ ಒಬ್ರೂ ಸೂಜಿ ಹಾಕಿಸ್ಕಳಲ್ಲ. ಔಷಧ ಬಿಟ್ಟು ಮನೆಗೆ ಹೋಗ್ತಾರೆ. ಸತ್ರೆ ಯಾರು ಹೊಣೆ?"

ಆ ಮಾತು ನಿಜವಾಗಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ನಾನು ಪರದೆಯನ್ನು ಕೈಯಿಂದ ಸರಿಸಿದೆ. ವರಾಂಡದ ಮಂಚಗಳೆಲ್ಲ ಇತ್ತ ನೋಡುತ್ತಿದ್ದವು. "ಎಲ್ಲಾರೂ ನೋಡ್ಲಿ. ಮೈ ನನ್ನದು, ಎದೆ ನನ್ನದು, ಮಗಳು ನನ್ನಾಕಿ. ಈಕಿ ಎಡಗೈಲೆ ಹಾಕಿದ್ರೆ ನಾನು ಹಾಕಿಸ್ಕಂತೀನಿ. ನಾನು ಸತ್ರೆ ನೀವೆಲ್ಲ ಗೆದ್ರಿ ಅನ್ಕೊಳ್ರಿ. ಬದುಕಿದ್ರೆ ಯಾರೂ ಈಕಿ ಎಡಗೈ ತಡೀಯಂಗಿಲ್ಲ."

ಇಷ್ಟು ಮಾತಾಡಿ ನನಗೆ ಕೆಮ್ಮು ಹತ್ತಿತು. ಕೆಮ್ಮಿ ಮುಗಿಯುವವರೆಗೆ ಎಲ್ಲರೂ ಕಾದರು. ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಹಾಕಮ್ಮ" ಎಂದರು ಪಾರ್ವತಿಗೆ. ಪರದೆಯನ್ನು ತಾವೇ ಎಳೆದರು.

ನನಗೆ ಹೆದರಿಕೆ ಇರಲಿಲ್ಲ ಎಂದರೆ ಯಾರೂ ನಂಬಬೇಡಿ. ಬೋರಲು ಮಲಗಿ ದಿಂಬಿಗೆ ಮುಖ ಒತ್ತಿದೆ. ಕಿತ್ತಳೆ ಹಣ್ಣು ಬೇರೆ, ಮನುಷ್ಯರ ಮೈ ಬೇರೆ ಎಂಬುದು ಆಗ ತಲೆಗೆ ಹೊಳೆಯಿತು. ಸ್ಪಿರಿಟ್ ತಣ್ಣಗೆ ತಗುಲಿತು. ಒಂದು ಚುಚ್ಚು, ಆಮೇಲೆ ಔಷಧ ಇಳಿಯುವ ಉರಿ. ಸೂಜಿ ನಡುವೆ ನಿಲ್ಲಲಿಲ್ಲ. ನೋವಿತ್ತು, ಅದು ಔಷಧದ ನೋವು ಮಾತ್ರ.

ಗ್ರೇಸಮ್ಮ ಬಗ್ಗಿ ಆ ಜಾಗವನ್ನು ಒತ್ತಿ ನೋಡಿದರು. "ಸರಿಗೆ ಹೋಗೈತೆ" ಎಂದರು, ಹಾಗೆ ಹೇಳುವುದು ತಮಗೆ ಇಷ್ಟವಿಲ್ಲದವರ ಹಾಗೆ. ಅತ್ತೆ ಹೊರಗೆ ಹೋಗಿ ವರಾಂಡದ ಕೆಳಗಿನ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡರು. ಯಜಮಾನರು ಮೆಟ್ಟಿಲು ಹತ್ತಿ ಬಂದು, ಅಷ್ಟು ದಿನದಲ್ಲಿ ಮೊದಲ ಸಲ ನನ್ನ ಮಂಚದ ಅಂಚಿನಲ್ಲಿ ಕೂತರು. "ಇಲ್ಲೇ ಇರ್ಲಿ ಬಿಡವ್ವ" ಎಂದು ತಾಯಿಗೆ ಕೇಳುವಂತೆ ಹೇಳಿದರು. ಅವರ ಆ ಒಂದು ಮಾತನ್ನು ನಾನು ಮರೆತಿಲ್ಲ.

ಆಮೇಲೆ ಎಲ್ಲ ಸರಾಗವಾಯಿತು ಎಂದೇನಿಲ್ಲ. ಪಕ್ಕದ ಮಂಚದ ಅಜ್ಜಿ ಗೋಡೆಗೆ ಮುಖ ಮಾಡಿ, ಎಡಗೈಯವಳು ಬಂದರೆ ಹೊಳೆಗೆ ಹಾರುತ್ತೇನೆ ಎಂದಳು. ಅವಳಿಗೆ ಗ್ರೇಸಮ್ಮನೇ ಬಂದು ಹಾಕಿ ಹೋಗುತ್ತಿದ್ದರು. ಒಂದು ದಿನ ಹೆರಿಗೆ ವಾರ್ಡಿನಿಂದ ಅವರಿಗೆ ಬರಲಾಗಲಿಲ್ಲ. ಅಜ್ಜಿ ಸುಮ್ಮನೆ ಮಗ್ಗುಲಾದಳು. ಸೂಜಿ ಹಾಕಿಸಿಕೊಂಡು, "ನಿಂದು ಯಾವೂರಂದೆ?" ಎಂದು ಪಾರ್ವತಿಯನ್ನು ಕೇಳಿದಳು. ಮೂಲೆಯ ಮಂಚದವಳು ಮಾತ್ರ ಕೊನೆಗೂ ಒಪ್ಪಲಿಲ್ಲ, ಗಂಡನನ್ನು ಕರೆಸಿ ಮನೆಗೆ ಹೋದಳು. ಅವಳು ಏನಾದಳೋ ನಮಗೆ ತಿಳಿಯಲಿಲ್ಲ. ಅವಳನ್ನು ನೆನೆದು ಪಾರ್ವತಿ ಎಷ್ಟೋ ದಿನ ಊಟ ಬಿಟ್ಟಳು. ಊಟ ಬಿಟ್ಟರೆ ಕೈ ನಡುಗುತ್ತೆ, ನಡುಗಿದರೆ ಚುಚ್ಚಿಸಿಕೊಳ್ಳುವವಳು ನಾನು ಎಂದು ಬೈದು ಉಣ್ಣಿಸಿದೆ.

ಪಾರ್ವತಿ ಮರೆಗುಳಿಯಾಗಿಯೇ ಉಳಿದಳು. ಮತ್ತೊಂದು ಥರ್ಮಾಮೀಟರ್ ಒಡೆದಳು. ನನ್ನ ಹಾಲು ಅಜ್ಜಿಗೆ, ಅಜ್ಜಿಯ ಗಂಜಿ ನನಗೆ ಬರುತ್ತಿತ್ತು. ಆದರೆ ಸೂಜಿ ಕೆಡಲಿಲ್ಲ. ಮೊದಮೊದಲು ಗ್ರೇಸಮ್ಮ ದಿನಾ ಬೆಳಗ್ಗೆ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬರಬರುತ್ತ ಅವರು ಬರುವುದು ನಿಂತಿತು. ಬಾರದಿರುವುದೇ ಅವರು ಕೊಟ್ಟ ಶಹಬ್ಬಾಸ್ ಎಂದು ಪಾರ್ವತಿ ತಿಳಿದುಕೊಂಡಳು. ನಾನೂ ಹಾಗೆಯೇ ತಿಳಿದೆ.

ಮಳೆಗಾಲ ಮುಗಿದು ಹೊಳೆ ಇಳಿಯಿತು. ಜ್ವರ ಬಿಟ್ಟಿತು, ಅನ್ನ ರುಚಿಸಿತು. ಡಾಕ್ಟರು ಹೊಸ ಎಕ್ಸ್‌ರೇ ನೋಡಿ, ಕಫ ಎರಡು ಸಲ ಪರೀಕ್ಷೆ ಮಾಡಿಸಿ, ನನ್ನನ್ನೇ ಕೂರಿಸಿ ಹೇಳಿದರು: "ಮಾತ್ರೆ ಇನ್ನೂ ನುಂಗಬೇಕು. ಆದ್ರೆ ನಿಮ್ಮಿಂದ ಇನ್ನು ಯಾರಿಗೂ ಅಂಟಲ್ಲ. ಮಗಳನ್ನ ಎತ್ಕೊಳ್ರಿ." ನಾನು ಆ ಮಾತನ್ನು ಇನ್ನೊಮ್ಮೆ ಹೇಳಿಸಿದೆ. ಅವರು ಬೇಸರವಿಲ್ಲದೆ ಹೇಳಿದರು.

ದಾವಣಗೆರೆಯಲ್ಲಿ ಜಟಕಾ ಮನೆ ಮುಂದೆ ನಿಂತಾಗ ಉಮಾ ಬಾಗಿಲ ಹಿಂದೆ ನಿಂತಿದ್ದಳು. ನಾನು ಇಳಿಯುವ ಮೊದಲೇ ಅತ್ತೆ ಬಂದು ಕಿವಿಯಲ್ಲಿ ಹೇಳಿದರು: "ಓಣಿ ಹೆಣ್ಮಕ್ಕಳು ಬಂದು ಕುಂತಾರೆ. ನೀನು ತವರಿಗೆ ಬಾಣಂತನಕ್ಕೆ ಹೋಗಿದ್ದೆ ಅಂತ ಹೇಳೀವಿ. ಕೂಸು ಉಳೀಲಿಲ್ಲ ಅನ್ನು. ಒಂದೀಟು ಅತ್ತುಬಿಡು, ಮುಗೀತು."

ನಾನು ಕೆಮ್ಮಿ ಸೊರಗಿದ್ದನ್ನು ಬಸಿರಿನ ವಾಂತಿ ಎಂದು ಹಬ್ಬಿಸಿದ್ದರು. ಆಗಲಿ. ಆದರೆ ಹುಟ್ಟದ ಕೂಸನ್ನು ಕೊಂದು, ಅದಕ್ಕೆ ನನ್ನಿಂದ ಕಣ್ಣೀರು ಹಾಕಿಸುವುದೇ? ಒಬ್ಬ ಹುಡುಗಿಯ ಕೈಯನ್ನು ಎಲ್ಲರೆದುರು ಸೆರಗಿನಿಂದ ಹೊರಗೆ ತೆಗೆಸಿದವಳು ನಾನು. ನನ್ನ ರೋಗವನ್ನು ಈಗ ಸೆರಗಿನೊಳಗೆ ಮುಚ್ಚಿಕೊಳ್ಳಲೇ?

ಪಡಸಾಲೆಯಲ್ಲಿ ಐದಾರು ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ನಾನು ನೇರ ಹೋಗಿ ಬಾಗಿಲ ಹಿಂದಿನಿಂದ ಉಮಾಳನ್ನು ಎತ್ತಿಕೊಂಡೆ. ಅವಳು ಮೊದಲು ಮೈ ಬಿಗಿದಳು, ಆಮೇಲೆ ನನ್ನ ಕಿವಿಯ ಓಲೆ ಹಿಡಿದು ನೋಡಿದಳು. ಅವಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅವರ ನಡುವೆ ಕೂತೆ.

ಎದುರು ಮನೆಯ ಚನ್ನಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಶಿವ ಕೊಟ್ಟ, ಶಿವ ಕರ್ಕೊಂಡ. ಗಂಡೋ ಹೆಣ್ಣೋ ತಾಯಿ?"

"ಕೂಸೇ ಇರ್ಲಿಲ್ರಿ" ಎಂದೆ. "ನನಗೆ ಕ್ಷಯ ಆಗಿತ್ತು. ಹರಿಹರದ ದವಾಖಾನಿಯಾಗಿದ್ದೆ. ಈಗ ವಾಸಿ ಆಗೈತೆ. ಡಾಕ್ಟರು ಮಗಳನ್ನ ಎತ್ಕೊ ಅಂದಾರೆ, ಎತ್ಕೊಂಡೀನಿ."

ಅತ್ತೆ ಅಡುಗೆಮನೆಗೆ ಹೋದರು. ಒಬ್ಬಾಕೆ ಹಾಲು ಒಲೆ ಮೇಲೆ ಇಟ್ಟು ಬಂದೆ ಎಂದು ಎದ್ದಳು. ಇನ್ನೊಬ್ಬಾಕೆ ಮೂಗಿಗೆ ಸೆರಗು ಹಿಡಿದು ಎದ್ದಳು. ನೋಡುತ್ತ ನೋಡುತ್ತ ಚಾಪೆ ಖಾಲಿಯಾಯಿತು. ನಾನು ಉಮಾಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ ಕೂತೆ. ಯಾರ ಕಡೆಗೂ ತಲೆ ಎತ್ತಿ ನೋಡಲಿಲ್ಲ.

ಎಲ್ಲರೂ ಹೋದರೆಂದುಕೊಂಡಿದ್ದೆ. ಚನ್ನಬಸಮ್ಮ ಮಾತ್ರ ಕೂತಲ್ಲೇ ಕೂತಿದ್ದರು. ಬಾಗಿಲ ಕಡೆ ಒಮ್ಮೆ ನೋಡಿ, ಚಾಪೆಯ ಮೇಲೆ ಜರುಗುತ್ತ ನನ್ನ ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಹತ್ತಿರ ಬಂದರು.

"ಗಿರಿಜಾ" ಎಂದರು. ಅವರ ಕಣ್ಣಲ್ಲಿ ಈಗ ನಿಜವಾದ ನೀರಿತ್ತು. "ನನ್ನ ಸೊಸಿ ಬಾಣಂತನಕ್ಕೆ ಹೋಗ್ಯಾಳೆ ಅಂತ ನಾನೂ ಹೇಳಿದ್ದೆ, ಹೋಗಿಲ್ಲವ್ವ. ಹಿತ್ತಲ ಕೋಣ್ಯಾಗೆ ಅದಾಳೆ. ಯಾರಿಗೂ ಹೇಳಿಲ್ಲ. ಹರಿಹರದಾಗೆ ಎಲ್ಲಿ ಹೋಗ್ಬೇಕು, ಯಾರನ್ನ ಕೇಳ್ಬೇಕು?"

"ನಾಳೆ ಬೆಳಗಿನ ರೈಲಿಗೆ ಹೊರಡ್ರಿ, ನಾನೂ ಬರ್ತೀನಿ" ಎಂದೆ. "ದವಾಖಾನಿ ಬಾಗಿಲಾಗೆ ನಿಂತು, ಎಡಗೈ ನರ್ಸಮ್ಮ ಎಲ್ಲಿ ಅಂತ ಗಟ್ಟಿಯಾಗಿ ಕೇಳೋಣ."